ಪತ್ತೇದಾರಿ ಪುಸ್ತಕ ರದ್ದಿಗೆ ಹಾಕಾಕ ನಾ ಬಿಡೂದಿಲ್ಲ

ಪತ್ತೇದಾರಿ ಪುಸ್ತಕ ಕೈಯಾಗ ಹಿಡದಾಗಿಂದ ನಮ್ಮ ಮನ್ಯಾಗ ದಿನಾ ಒಂದು ಭಾನಗಡಿ. ತಪ್ಪೆಲ್ಲಾ ನಂದ ಅಂತಾರ ಮಂದಿ. ನಾ ಒಪ್ಪೂದಿಲ್ಲ. ನಾ ಸಾಲಿ ಮೆಟ್ಟಲಾ ಹತ್ತಿದಾಂವಲ್ಲ, ಬಸ್ಸಿನ ಬೋರ್ಡ್ ನೋಡಿ ನೋಡಿ ಅಕ್ಷರಾ ಕಲತಾಂವ. ಈಗ ನಾ ಓದೂ ರಭಸಕ್ಕ ಪುಸ್ತಕದ ಹಾಳಿ ಬಿಸಿ ಆಗತಾವ. ಸುಳ್ಳ ಅನಸಿದ್ರ ಬಂದು ಮುಟ್ಟಿ ನೋಡ್ರಿ.

೧. ಬಸ್ಸಿನ್ಯಾಗ

ಗೋಳಗುಮ್ಮಟದ ಹತ್ರ ಹಳೀ ಪುಸ್ತಕ ಮಾರೂ ಗಾಡಿ ಮ್ಯಾಲ ಮೊದಲನೇದು ಸಿಕ್ತು. ಮ್ಯಾಲ ರಗತ ಹತ್ತಿದ ಚಾಕುವಿನ ಚಿತ್ರ. ನಮ್ಮೂರು ಟಿಕೋಟಾದ ಬಸ್ ಹತ್ತಿ ಬಿಚ್ಚಿದೆ. ಸಾಹುಕಾರನ್ನ ಕೊಂದವರು ಯಾರು? ಅಡಗಿಯಾಕಿನೋ, ಅಳಿಯಾನೋ? ಜಗತ್ತ ಮರತು ಕುಂತೆ.

ಕಂಡಕ್ಟರ್ ಒದರಿದ: "ಯಜ್ಜಾ, ಟಿಕೋಟಾ ಹೋಗಿ ಎಷ್ಟೊತ್ತಾತು! ಇಳೀಲಿಲ್ಲ ಯಾಕ?"

"ಸುಮ್ಮಿರಪಾ," ಅಂದೆ. "ಟಿಕೋಟಾ ಎಲ್ಲಿ ಓಡಿ ಹೋಗತೈತಿ? ಇಲ್ಲಿ ಕೊಲಿ ಮಾಡಿದಾಂವ ಓಡಾಕತ್ತಾನ!"

೨. ಬೀಗರ ಅಂಗಳದಾಗ

ಓದಿ ಓದಿ ನನ್ನ ಕಣ್ಣು ಹದ್ದಿನ ಕಣ್ಣಾದ್ವು. ಬಬಲೇಶ್ವರದಾಗ ಬೀಗರ ಮನ್ಯಾಗ ಬಸರಿಗೆ ಉಡಿ ತುಂಬೂ ಕುಬಸದ ಊಟಾ. ಊಟಾ ಮುಗಿಯೂದರಾಗ ಬೀಗರ ಹೊಸಾ ಚಪ್ಪಲ್ ಮಾಯ! ನಾ ಜಿಗದು ಹೋಗಿ ಅಂಗಳದ ಬಾಗಲಕ್ಕ ಅಡ್ಡ ನಿಂತೆ.

"ಯಾರೂ ಹೊರಗ ಹೋಗಂಗಿಲ್ಲ! ಕಾಲು ತೋರಸ್ರಿ!"

ಗಂಡಸರ ಕಾಲು ನೋಡಿದೆ, ಹೆಂಗಸರ ಕಾಲು ನೋಡಿದೆ, ನಿಡೋಣಿಯಿಂದ ಬಂದ ಹಣ್ಣಹಣ್ಣ ಮುದುಕಿನೂ ಬಿಡಲಿಲ್ಲ. ಕಡೀಕ ಬೀಗರು ನನ್ನ ಕಾಲು ನೋಡಿ, ಸಣ್ಣ ದನ್ಯಾಗ, "ಬೀಗ್ರ, ನೀವು ಮೆಟ್ಟಿದ್ದು ನನ್ನ ಚಪ್ಪಲ್ ಅಲ್ಲೇನ್ರಿ?" ಅಂದ್ರು.

ಮಂದಿ ಹೊಟ್ಟಿ ಹಿಡಕೊಂಡು ನಕ್ಕರು. ನಾ ಎದಿ ಸೆಟಸಿ ಕೇಳಿದೆ: "ನಗ್ತೀರೇನು? ಇಷ್ಟು ಮಂದ್ಯಾಗ ಕಳ್ಳನ್ನ ಹುಡುಕಿದಾಂವ ಯಾರು ಹೇಳ್ರಿ!"

೩. ತಕ್ಕಡಿ ಮುಂದ

ಬೀಗರ ಮುಂದ ಮಾನ ಹೋತಂತ ನನ್ನ ಹೆಂಡತಿ ಮರುದಿನಾ ರದ್ದಿಯವನ್ನ ಕರಸಿದ್ಲು. ಪುಸ್ತಕದ ಗಂಟು ತಂದು ಅಂಗಳದಾಗ ಒಗದ್ಲು.

"ಪುರಾಣ ಓದೂ ವಯಸ್ಸಿನ್ಯಾಗ ಕೊಲಿ ಓದ್ತೀರಲ್ಲ, ನಾಚಿಕಿ ಬರೂದಿಲ್ಲ?"

"ಪುರಾಣದಾಗ ರಾಕ್ಷಸ ಯಾರಂತ ಮೊದಲ ಹೇಳಿಬಿಡ್ತಾರ. ಹುಡುಕೂದೇನೈತಿ ಅದರಾಗ?"

"ತೂಗಪಾ ನೀ!" ಅಂದ್ಲು ಅವಗ.

ದಿನಾ ಆಕಿ ರೊಟ್ಟಿ ಬಡಿಯೂ ಮುಂದ ನಾ ಬಾಜೂಕ ಕುಂತು ಗಟ್ಟಿಯಾಗಿ ಓದತಿದ್ದೆ. ಕೇಳದವರಂಗ ಇರತಿದ್ಲು. ಗೌಡತಿನ್ನ ಬಾವಿಗೆ ನೂಕಿದಾಂವ ಯಾರು ಅನ್ನೂದಕ್ಕ ಕಥಿ ಬಂದು ನಿಂತಿತ್ತು. ಅವನ ಹೆಸರು ನನಗೂ ಇನ್ನಾ ಗೊತ್ತಿರಲಿಲ್ಲ, ಆದ್ರೂ ಹಟಕ್ಕ ಬಿದ್ದೆ.

"ತೂಗು. ಗೌಡತಿನ್ನ ನೂಕಿದಾಂವನೂ ಹೋಗ್ಲಿ. ಸಾಯೂತನಕ ಅವನ ಹೆಸರು ಹೇಳೂದಿಲ್ಲ."

ಹೆಂಡತಿ ಸನೇಕ ಬಂದ್ಲು. ಆಮ್ಯಾಲ ಮೆಲ್ಲಕ, "ಆಕಿ ಮೈದುನಾ ಅಲ್ಲೇನ್ರಿ?"

"ಹೇಳೂದಿಲ್ಲ!"

"ಯಾವ ಗೌಡತಿ, ಯಜ್ಜಾ?" ರದ್ದಿಯಾಂವ ತಕ್ಕಡಿ ಇಳಿಸಿ ಕಟ್ಟಿ ಮ್ಯಾಲ ಕುಂತ.

ಅವನ ಸಲುವಾಗಿ ಮೊದಲಿಂದ ಓದಿದೆ. ಹೆಂಡತಿ ಚಹಾ ತಂದು ತಾನೂ ಕುಂತ್ಲು. ಬಾವಿ ಬಂತು, ಮೈದುನಾ ಬಂದ, ಪೊಲೀಸರು ಬಂದ್ರು, "ಕೊಂದಾಂವ..." ಅಂತ ಹಾಳಿ ತಿರುವಿದೆ. ಕಡೀ ಹಾಳಿನ ಇಲ್ಲ! ನಾ ಬಿಡತೀನೇನು? ಸೀದಾ ಒಲಿ ಮುಂದ ಹೋಗಿ ಬೂದಿ ಕೆದರಿದೆ. ಅರ್ಧಾ ಸುಟ್ಟ ಹಾಳಿ ಸಿಕ್ತು, ಹೆಸರಿದ್ದ ಅರ್ಧಾ ಬೂದಿ!

"ಮುಂಜಾನೆ ಒಲಿ ಹಚ್ಚಿದವರು ಯಾರು?" ಅಂದೆ.

ರದ್ದಿಯಾಂವ ತಲಿ ಹಿಡಕೊಂಡ: "ಯವ್ವಾ, ಕೊಲಿಗಾರನ್ನ ನೀನ ಪಾರು ಮಾಡಿದೆಲ್ಲ ಬೇ!"

ಹೆಂಡತಿ ಗಂಟು ಎತ್ತಿ ಒಳಗಿಟ್ಟು, ನನ್ನ ಕೈಯಾಗ ಚೀಲಾ ಕೊಟ್ಲು. "ಇವತ್ತ ವಿಜಯಪುರಕ್ಕ ಹೋಗಿ ಅದ ಪುಸ್ತಕ ಇನ್ನೊಂದು ತರ್ರಿ. ದಾರ್ಯಾಗ ಒಬ್ಬರ ಓದಿದ್ರೋ, ರೊಟ್ಟಿ ಸಿಗೂದಿಲ್ಲ!"