ಬೀಗರು ಪಾಸ್ ಮಾಡದ ಲೈಟು

ಬೀಗತಿಯ ಕಾಲಿಗೆ ಬಿದ್ದ ಬೀಗರನ್ನು ನೀವೆಲ್ಲಾದರೂ ಕಂಡಿದ್ದೀರಾ? ಗಂಡಿನ ಕಡೆಯವರೆಂದರೆ ಎದೆ ಮುಂದೆ ಮಾಡಿಕೊಂಡು ಬರುವವರು. ಬಗ್ಗುವುದು ಹೆಣ್ಣಿನ ಕಡೆಯವರ ಕೆಲಸ. ಆದರೆ ನನ್ನ ಮಗಳ ಮಾವ, ಅಂದರೆ ನಮ್ಮ ಬೀಗರು, ಸೇಡಂನ ನಮ್ಮ ಮನೆಯ ಬಾಗಿಲಲ್ಲಿ, ಓಣಿಯವರೆಲ್ಲ ನೋಡುತ್ತಿರುವಾಗ, ನನ್ನ ಕಾಲಿಗೆ ಬಿದ್ದಿದ್ದಾರೆ. ಅದೂ ಸೈಕಲ್ ಸಮೇತ!

ಇದಕ್ಕೆ ಕಾರಣ ಅವರ ಬೂಟು. ಪೆಡಲಿಗೆ ಕಚ್ಚಿಕೊಂಡು ಕೂರುವ ಹೊಸ ನಮೂನೆಯ ಬೂಟು. ಹಿಮ್ಮಡಿ ಹೊರಳಿಸಿದರೆ ಮಾತ್ರ ಬಿಡುತ್ತದಂತೆ. ಬಿಸಿಲೇರುವ ಮೊದಲೇ ಶಹಾಬಾದ ಬಿಟ್ಟು, ವಾಡಿ ದಾಟಿ, ಚಿತ್ತಾಪುರ ದಾಟಿ ಬಂದವರು ನಮ್ಮ ಬಾಗಿಲ ಮುಂದೆ ಬ್ರೇಕ್ ಹಿಡಿದರು. ಸೈಕಲ್ ನಿಂತಿತು. ಕಾಲು ಮಾತ್ರ ನೆಲಕ್ಕೆ ಬರಲಿಲ್ಲ. ಕಾಲಿಗೆ ನೀರು ಕೊಡಬೇಕೆಂದು ತಂಬಿಗೆ ಹಿಡಿದು ನಿಂತ ನನ್ನ ಮುಂದೆ, ಕಡಿದ ಜಾಲಿ ಮರದ ಹಾಗೆ, ಸಾವಕಾಶ ಒಂದು ಕಡೆಗೆ ವಾಲಿ, ಧೊಪ್ಪೆಂದು ಬಿದ್ದರು.

"ಏಳ್ರಿ ಬೀಗರ, ಇಷ್ಟೊಂದು ಮರ್ಯಾದಿ ಬ್ಯಾಡ," ಎಂದೆ.

ಅವರು ಏಳುವ ಮೊದಲು ತೀರ್ಪು ಕೊಟ್ಟರು. "ಬೂಟು ಫೇಲ್!"

ಈ ಪಾಸ್-ಫೇಲ್ ರೋಗ ಅವರಿಗೆ ಕಲ್ಲಿನ ಗಣಿಯಿಂದ ಅಂಟಿದ್ದು. ಶಹಾಬಾದಿನ ಗಣಿಯಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಆರಿಸುವುದೇ ಅವರ ಜೀವಮಾನದ ಕೆಲಸ. ಬೆರಳಿನ ಗೆಣ್ಣಿನಿಂದ ಕಲ್ಲಿಗೆ ಬಡಿಯುವುದು; ಟಣ್ ಎಂದರೆ ಪಾಸ್, ಡಬ್ ಎಂದರೆ ಫೇಲ್. ಹರೆಯದಲ್ಲಿ ಅಲ್ಲಿಯೇ ಒಂದು ಚೂರು ಸಿಡಿದು ಎಡಗಣ್ಣು ಹೋಯಿತು. ಉಳಿದ ಒಂದು ಕಣ್ಣಿನಲ್ಲಿ ಇಬ್ಬರು ಹುಡುಕುವಷ್ಟು ತಪ್ಪು ಹುಡುಕುತ್ತಾರೆ. ಹೆಣ್ಣು ನೋಡಲು ಬಂದಾಗ ನನ್ನ ಮಗಳನ್ನು ಒಂದು ಮಾತೂ ಕೇಳಲಿಲ್ಲ. ನಮ್ಮ ಪಡಸಾಲೆಯ ನೆಲಕ್ಕೆ ನಾಲ್ಕು ಕಡೆ ಬಡಿದು, "ಇದು ನಮ್ಮ ಗಣಿ ಕಲ್ಲಲ್ಲ," ಎಂದು ಮುಖ ಗಂಟು ಹಾಕಿದರು. ಹುಡುಗಿ ಪಾಸಾದಳು, ನೆಲ ಫೇಲಾಯಿತು. ಆ ನೆಲದ ಮೇಲೆ ಕೂತು ಹೋಳಿಗೆ ಉಂಡದ್ದು ಮಾತ್ರ ಬೇರೆ ಮಾತು!

ಕೆಲಸ ಬಿಟ್ಟ ಮೇಲೆ ಬಡಿಯಲು ಕಲ್ಲಿಲ್ಲದೆ ಬೀಗರು ಕಂಗಾಲಾದರು. ಆಗ ಕೈಹಿಡಿದವರು ಸೈಕಲ್ ಅಂಗಡಿಯ ಚಾಚಾ. ಶಹಾಬಾದಿನಲ್ಲಿ ಪಂಕ್ಚರ್ ಹಾಕುತ್ತ ಮುದುಕರಾದವರು. ಬೀಗರ ಹಳೆಯ ದೋಸ್ತ್. ಅವರ ಮಗ ಕಲಬುರಗಿಯಲ್ಲಿ ಭಾರಿ ಸೈಕಲ್ಲುಗಳ ಅಂಗಡಿ ತೆರೆದಿದ್ದಾನೆ. ಹೊಸ ಮಾಲು ಏನೇ ಬರಲಿ, ಮೊದಲು ನಮ್ಮ ಬೀಗರ ಕೈಗೆ. ಇವರ ಕೈಯಲ್ಲಿ, ನಮ್ಮ ರಸ್ತೆಯಲ್ಲಿ ಉಳಿದ ಸಾಮಾನು ಎಲ್ಲಿಯಾದರೂ ಉಳಿಯುತ್ತದೆ ಎಂದು ಆ ಹುಡುಗನ ಲೆಕ್ಕ. ಲೆಕ್ಕ ತಪ್ಪೆಂದು ಹೇಳಲಾರೆ.

ಮೊದಲು ಬಂದದ್ದು ಗಾದಿ ಚಡ್ಡಿ. ಕೂರುವ ಜಾಗಕ್ಕೆ ಮೆತ್ತನೆಯ ಗಾದಿ ಇಟ್ಟು ಹೊಲಿದ, ಮೈಗಂಟುವ ಕರಿ ಚಡ್ಡಿ. ಇದನ್ನು ಹಾಕಿಕೊಂಡು ಬೀಗರ ಮನೆಗೆ ಬರುವುದೇ? ನಾನು ಸೆರಗು ಎಳೆದುಕೊಂಡೆ, ನಮ್ಮವರ ಧೋತರ ಬಾಗಿಲ ಸಂದಿಯಿಂದ ಹೊರಗೆ ಚಾಚಿದೆ.

"ಇದನ್ನ ಸುತ್ಕೊಂಡು ಒಳಗ ಬರ್ರಿ."

"ಬೀಗತೇರ, ಇದು ಚಡ್ಡಿ ಅಲ್ಲ. ಸೈಕಲ್ ಸಾಮಾನು."

"ಹಂಗಿದ್ರ ಸೈಕಲ್ ಸಂಗಟ ಹೊರಗ ನಿಲ್ಲಸ್ರಿ."

ಧೋತರ ಸುತ್ತಿಕೊಂಡು ಬಂದರು. ಊಟ ಆಗುವವರೆಗೆ ಕೂತಲ್ಲಿಂದ ಏಳಲಿಲ್ಲ. "ಚಡ್ಡಿ ಪಾಸ್," ಎಂದರು. "ನಿಮ್ಮ ಕಟ್ಟಿ ಮ್ಯಾಲ ಕುಂತ್ರೂ ಗೊತ್ತಾಗವಲ್ದು." ಅಂದರೆ ಕಟ್ಟೆ ಫೇಲು. ನನಗೆ ತಿಳಿಯದೇ?

ಆಮೇಲೆ ಸರಪಳಿಯ ಎಣ್ಣೆಯ ಸರದಿ. ಒಣ ಹವೆಗೆ ಒಂದು, ಹಸಿ ಹವೆಗೆ ಒಂದು ಎಣ್ಣೆಯಂತೆ. ನಮಗೆ ವಾಡಿಯ ಹವೆ ಎಂಬ ಮೂರನೆಯದೂ ಉಂಟೆಂದು ಎಣ್ಣೆ ಮಾಡಿದವರಿಗೆ ಯಾರು ಹೇಳಬೇಕು? ಸಿಮೆಂಟಿನ ಧೂಳಿನಲ್ಲಿ ವಾಡಿ ದಾಟಿ ಸೇಡಂಗೆ ಬರುವಷ್ಟರಲ್ಲಿ ಹಸಿ ಎಣ್ಣೆಯ ಸರಪಳಿ ಬೂದಿ ಬಳಿದ ಹಾವಿನಂತಾಗಿತ್ತು. ಬೀಗರು ಅದಕ್ಕೂ ಬಡಿದರು. ಡಬ್ ಎಂದೂ ಅನ್ನಲಿಲ್ಲ.

"ಈ ಎಣ್ಣಿ ಸೈಕಲ್‌ಗೆ ಫೇಲ್," ಎಂದರು. "ಮನಿ ಕಟ್ಟಾಕ ಪಾಸ್."

ಮುಂದೆ ಬಂದದ್ದು ಖಡಿ ರಸ್ತೆಯ, ಅಂದರೆ ಜಲ್ಲಿ ದಾರಿಯ ಸೈಕಲ್. ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್, ಅಗಲದ ಟೈರು. ಶಹರದ ಮಂದಿಗೆ ಡಾಂಬರಿಗೊಂದು, ಖಡಿಗೊಂದು ಸೈಕಲ್ ಬೇಕಂತೆ! ನಮ್ಮ ಕಡೆ ಡಾಂಬರು ಎಲ್ಲಿ ಮುಗಿಯಿತು, ಖಡಿ ಎಲ್ಲಿ ಶುರುವಾಯಿತು ಎಂದು ರಸ್ತೆ ಮಾಡಿದವರಿಗೇ ಗೊತ್ತಿಲ್ಲ. ಬೀಗರು ಅದನ್ನು ಚಿಂಚೋಳಿ ದಾಟಿಸಿ ಚಂದ್ರಂಪಳ್ಳಿಯ ಅಡವಿ ಹಾದಿಯಲ್ಲಿ ಓಡಿಸಿ ಪಾಸ್ ಮಾಡಿದರು. ಅಲ್ಲಿಗೆ ಬಿಡಬಾರದೇ? ಒಂದು ಮಳೆ ಬಿದ್ದ ಬೆಳಿಗ್ಗೆ ತೆಂಗಳಿಯ ಕಡೆ ಹೊಲದ ದಾರಿಗೆ ಇಳಿಸಿದರು. ನಮ್ಮ ಎರೆ ಮಣ್ಣು ನಿಮಗೆ ಗೊತ್ತಲ್ಲ? ಹಸಿಯಾದರೆ ಎತ್ತಿನ ಕಾಲನ್ನೂ ಬಿಡುವುದಿಲ್ಲ, ಇನ್ನು ಸೈಕಲ್ಲನ್ನು ಬಿಡುತ್ತದೆಯೇ! ಮಧ್ಯಾಹ್ನ ನಮ್ಮ ಮನೆಗೆ ಬಂದಾಗ ಸೈಕಲ್ ಬೀಗರ ಹೆಗಲ ಮೇಲೆ ಕೂತಿತ್ತು.

"ಟೈರು?" ಎಂದೆ.

"ಟೈರು ಪಾಸ್ರಿ. ಮಣ್ಣು ಫೇಲ್."

ಇಷ್ಟೆಲ್ಲ ನಗುವ ಮಾತು. ನಗದಿರುವ ಮಾತು ಶುರುವಾದದ್ದು ಲೈಟಿನಿಂದ.

ನಸುಕಿನಲ್ಲಿ ಹೊರಡುವ ಮನುಷ್ಯ. ಸೈಕಲ್ಲಿಗೆ ಲೈಟು ಬೇಕೇಬೇಕು. ಮೊದಲ ಲೈಟು ಮಬ್ಬು, ಫೇಲ್. ಅದಕ್ಕಿಂತ ಜೋರಿನದು ತಂದರು. ಅದೂ ಮಬ್ಬು. ಇನ್ನೂ ದೊಡ್ಡದು ಬಂತು, ಅದೂ ಫೇಲ್. ಧೂಳಿಗೆ ಹಾಕುವ ಹಳದಿ ಚಸ್ಮಾ ಬಂತು: "ಗಾಜೇ ಹೊಲಸದ." ದಾರಿ ತೋರಿಸುವ ಸಣ್ಣ ಯಂತ್ರ ಬಂತು: "ಅಕ್ಷರ ಇರುವಿ ಕಾಲಿನಂಗವ." ಬೀಗರ ಕೈಯಲ್ಲಿ ಕಂಪನಿ ಮೇಲೆ ಕಂಪನಿ ಫೇಲಾಗತೊಡಗಿತು.

ಮಗಳನ್ನು ನೋಡಲು ಶಹಾಬಾದಿಗೆ ಹೋದಾಗ ಚಾಚಾ ನನ್ನನ್ನು ಅಂಗಡಿಯ ಮುಂದೆ ತಡೆದರು.

"ಅಮ್ಮಾ, ಆ ಲೈಟ್ ಹಚ್ಚಿದ್ರ ಎದುರು ಬರೋ ಎಮ್ಮಿ ಸುದ್ದಾ ಕಣ್ಣು ಮುಚ್ಕೊಂತದ. ಇವ್ರು ಮಬ್ಬು ಅಂತಾರ! ನನ್ನ ಮಗ ಕಂಪನಿಯವ್ರಿಗಿ ಫೋನ್ ಹಚ್ಚಿ ಬೈದಾನ. ಅವ್ರು ಕೇಳ್ಲಿಕತ್ತಾರ, ಲೈಟ್ ಬಿಡ್ರಿ, ಟೆಸ್ಟ್ ಮಾಡೋರು ಬರಾಬರ್ ಇದ್ದಾರಿಲ್ಲೋ ಅಂತ."

ನಾನು ನಕ್ಕೆ. ಮುಂದಿನ ವಾರ ಬೀಗರು ಸೇಡಂಗೆ ಬಂದರು. ಕಟ್ಟೆಯ ಮೇಲೆ ತೊಗರಿ ಚೀಲ ಇಟ್ಟು, ಅದರ ಮೇಲೆ ನಮ್ಮವರ ಟವೆಲ್ ಒಣಹಾಕಿದ್ದೆ. ಬೀಗರು ಸೈಕಲ್ ಇಳಿದು ಎರಡೂ ಕೈ ಜೋಡಿಸಿ, "ಶರಣ್ರಿ ಬೀಗರ, ಆರಾಮಿದ್ದೀರಿ?" ಎಂದು ಚೀಲವನ್ನು ಕೇಳಿದರು. ನಮ್ಮವರು ಮಾತು ಕಡಿಮೆ ನಿಜ. ಚೀಲಕ್ಕೂ ಅವರಿಗೂ ಹೋಲಿಕೆ ಅಷ್ಟಕ್ಕೇ ಮುಗಿಯುತ್ತದೆ. ಆಗ ನಗು ಬರಲಿಲ್ಲ. ನನ್ನ ಕಣ್ಣಿನ ಪೊರೆ ತೆಗೆಸುವ ಮೊದಲು ನಾನೂ ಒಮ್ಮೆ ನೆರೆಮನೆಯ ಕರುವನ್ನು ಮೊಮ್ಮಗನೆಂದು ಕರೆದಿದ್ದೆ. ಬಂದಿತ್ತು ಕೂಡ.

ರೊಟ್ಟಿ, ಪುಂಡಿ ಪಲ್ಯೆ ಬಡಿಸಿ, ಸುತ್ತಿ ಬಳಸದೆ ಹೇಳಿದೆ. "ಬೀಗರ, ಲೈಟು ಪಾಸ್ ಅವ. ನಿಮ್ಮ ಕಣ್ಣು ಫೇಲ್ ಆಗ್ಯದ. ಪೊರಿ ಬಂದದ. ತೆಗಸ್ಕೋರಿ."

ಮುರಿದ ರೊಟ್ಟಿಯನ್ನು ತಾಟಿನಲ್ಲಿಟ್ಟರು. ಕೈ ತೊಳೆದರು. ಬೀಗರು ಉಣ್ಣದೆ ಎದ್ದು ಹೋಗುವುದೆಂದರೆ ನಮ್ಮಲ್ಲಿ ಏನರ್ಥ ಎಂದು ಹೇಳಬೇಕಾಗಿಲ್ಲ. ಬಾಗಿಲಲ್ಲಿ ತಿರುಗಿ, "ಒಮ್ಮಿ ಕೊರದ ಫರ್ಸಿ ಮತ್ತ ಕೂಡಂಗಿಲ್ಲ," ಎಂದು ಹೇಳಿ ಹೋದರು.

ಕೆಲವು ದಿನ ಬಿಟ್ಟು ಮಗಳ ಫೋನು.

"ಅವ್ವಾ, ಮಾವ ಭಂಕೂರ ಹತ್ರ ನಿಂತ ಟ್ರ್ಯಾಕ್ಟರ್‌ಗಿ ಹೋಗಿ ಗುದ್ಯಾರ. ಮೊಣಕೈ ಕೆತ್ತ್ಯದ. ಕೇಳಿದ್ರ ಟ್ರ್ಯಾಕ್ಟರ್ ಫೇಲ್ ಅಂತಾರ!"

"ದವಾಖಾನಿಗಿ ಕರ್ಕೊಂಡು ಹೋಗ್ರಿ."

"ಹೆಸರೆತ್ತಿದ್ರ ಊಟ ಬಿಡ್ತಾರ. ನಿಮ್ಮ ಅಳಿಯ ಸೈಕಲ್‌ಗಿ ಕೀಲಿ ಹಾಕ್ತೀನಿ ಅಂತ ಕುಂತಾರ. ಕೀಲಿ ಹಾಕಿದ್ರ ಮಾವ ಮೂಲ್ಯಾಗ ಕುಂತು ಬಿಡ್ತಾರವ್ವಾ. ಹಾಕಲಿಲ್ಲಂದ್ರ ಲಾರಿ ಕೆಳಗ ಹೋಗ್ತಾರ."

ನಾನು ಕರುಣೆಯ ಹೆಂಗಸಲ್ಲ. ನಮ್ಮ ಓಣಿಯಲ್ಲಿ ಯಾರನ್ನಾದರೂ ಕೇಳಿ. ನನ್ನ ಲೆಕ್ಕ ಸರಳ. ಬೀಗರ ಹೆಂಡತಿ ತೀರಿಹೋಗಿ ವರ್ಷಗಳಾದವು. ಇವರು ಕುರುಡಾದರೆ, ಇಲ್ಲವೇ ಸೊಂಟ ಮುರಿದುಕೊಂಡರೆ, ಕೈಹಿಡಿದು ಬಚ್ಚಲಿಗೆ ಒಯ್ಯುವವಳು ಯಾರು? ನನ್ನ ಮಗಳು. ಅದಕ್ಕೆ ಚಾಚಾರ ಕೈಯಲ್ಲಿ ಹೇಳಿಕಳಿಸಿದೆ: ಹೊಸ ಮಾಲು ಬಂದಿದೆ, ಟೆಸ್ಟ್ ಮಾಡುವುದಿದೆ, ಬಸ್ಸಿಗೆ ಬರಬೇಕು.

ಟೆಸ್ಟ್ ಎಂದ ಮೇಲೆ ಸಿಟ್ಟೆಲ್ಲಿ ಉಳಿಯುತ್ತದೆ? ಬಂದರು. ಬಸ್ಸಿನಲ್ಲೂ ಹೆಲ್ಮೆಟ್ ಹಾಕಿಕೊಂಡೇ ಬಂದಿದ್ದರು!

"ಎಲ್ಲದ ಮಾಲು?"

ನನ್ನ ಬಲಗಣ್ಣಿಗೆ ಬೆರಳು ತೋರಿಸಿದೆ. "ಇದು. ಒಳಗ ಲೆನ್ಸ್ ಕುಂದರಿಸ್ಯಾರ. ಒಲಿ ಹೊಗಿ, ಖಾರದ ಘಾಟು, ತೊಗರಿ ರಾಶಿ ಧೂಳು, ಎಲ್ಲಾ ಕಂಡದ. ಕುಂದ್ರಿ, ಟೆಸ್ಟ್ ಮಾಡ್ರಿ."

ನಮ್ಮ ಕಟ್ಟೆಯಿಂದ ಚಿಂಚೋಳಿ ರಸ್ತೆಯ ತಿರುವು ಕಾಣುತ್ತದೆ. ಬರುವ ಬಸ್ಸಿನ ಬೋರ್ಡನ್ನು ಮೊದಲು ಯಾರು ಓದುತ್ತಾರೋ ಅವರ ಕಣ್ಣು ಪಾಸ್ ಎಂದೆ. ಬೀಗರು ಮೀಸೆಯಲ್ಲಿ ನಕ್ಕರು. ಅವರು ಮ್ಯಾಟ್ರಿಕ್ ಪಾಸು. ನಾನು ಶಾಲೆಯ ಮುಖ ನೋಡಿದ್ದು ಕಡಿಮೆ. ಅಕ್ಷರಗಳನ್ನು ಕಲ್ಲು ಆರಿಸಿದ ಹಾಗೆ ಒಂದೊಂದೇ ಆರಿಸಬೇಕು.

ತಿರುವಿನಲ್ಲಿ ಬಸ್ಸು ಕಂಡಿತು.

"ಚಿಂ..." ಎಂದೆ. ಬೀಗರು ಕತ್ತು ಮುಂದೆ ಚಾಚಿದರು. "ಚೋ..." ಎಂದೆ. ಅವರು ಕೈಯನ್ನು ಹಣೆಗೆ ಅಡ್ಡ ಹಿಡಿದರು. ಬಸ್ಸು ಅರ್ಧ ದಾರಿಗೆ ಬಂದಿತ್ತು. "ಳಿ," ಎಂದು ನಾನು ಮುಗಿಸಿ, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡೆ. ಬಸ್ಸು ನಮ್ಮ ಮುಂದೆ ಹಾದು ಹೋಯಿತು. ಬೀಗರು ಅದು ಹೋದ ಕಡೆಗೇ ನೋಡುತ್ತ ಕೂತರು.

ಆಮೇಲೆ ಹೆಲ್ಮೆಟ್ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ನಿಮಗ ಎರಡಿದ್ದವು, ಬೀಗತೇರ. ಒಂದು ಕೆಟ್ರ ಇನ್ನೊಂದಿತ್ತು. ನನ್ನ ಹತ್ರ ಸ್ಟೆಪ್ನಿ ಇಲ್ರಿ."

ಎಲೆ ಅಗಿಯುವುದನ್ನು ನಿಲ್ಲಿಸಿದೆ. "ನಾ ಬರ್ತೀನಿ ಸಂಗಟ," ಎಂದೆ. ಅವರು ಹೂಂ ಅನ್ನಲಿಲ್ಲ. "ಯಾವ ಕಂಪನಿ ಲೆನ್ಸ್?" ಎಂದು ಕೇಳಿದರು. ಅದೇ ಹೂಂ.

ಕಲಬುರಗಿಯ ಕಣ್ಣಿನ ದವಾಖಾನೆಯಲ್ಲಿ ಡಾಕ್ಟರಮ್ಮ ಬೀಗರನ್ನು ಪರೀಕ್ಷೆ ಮಾಡಿದಳೋ, ಬೀಗರು ಡಾಕ್ಟರಮ್ಮನನ್ನು ಪರೀಕ್ಷೆ ಮಾಡಿದರೋ ನನಗಿನ್ನೂ ತಿಳಿದಿಲ್ಲ. ಗದ್ದ ಇಡುವ ಯಂತ್ರಕ್ಕೆ ಗೆಣ್ಣಿನಿಂದ ಬಡಿದು ನೋಡಿದರು.

"ವಾಡಿ ಧೂಳಿಗಿ ತಡಿತದೇನ್ರಿ?"

"ತಡಿತದ ಅಜ್ಜಾ."

"ಖಡಿ ರಸ್ತಾದಾಗ ಕುಲುಕಿದ್ರ ಜಾರಂಗಿಲ್ಲ?"

"ಜಾರಂಗಿಲ್ಲ."

"ಹಾಕೋಕಿಂತ ಮೊದಲ ಒಂದೀಟು ಓಡಿಸಿ ನೋಡ್ಲಿಕ್ಕ ಕೊಡ್ತೀರೇನು?"

ಡಾಕ್ಟರಮ್ಮ ಗಟ್ಟಿಯಾಗಿ ನಕ್ಕಳು. ಬೀಗರು ನಗಲಿಲ್ಲ. ಹಸಿರು ಅಂಗಿ ತೊಡಿಸಿ ನರ್ಸು ಕರೆದಾಗ ಎದ್ದರು, ಬಾಗಿಲವರೆಗೆ ಹೋದರು, ನಿಂತರು. ಇತ್ತ ತಿರುಗಿದರು. ಗೋಡೆಗೆ ಹೇಳಿದ ಹಾಗೆ ಹೇಳಿದರು.

"ಬೀಗತೇರ, ಇವತ್ತ ಎಂಥಾ ಸೀರಿ ಉಟ್ಟೀರೋ ನನಗ ಕಾಣವಲ್ದು. ಹೇಳಬ್ಯಾಡ್ರಿ. ನಾಳಿ ಪಟ್ಟಿ ಬಿಚ್ಚೋ ಮುಂದ ಇದೇ ಸೀರಿ ಮ್ಯಾಲ ಇರ್ರಿ. ನಾನೇ ಹೇಳ್ತೀನಿ."

ಮರುದಿನ ಬೆಳಿಗ್ಗೆ ಡಾಕ್ಟರಮ್ಮ ಪಟ್ಟಿ ಬಿಚ್ಚಿ, ಔಷಧ ಒರೆಸಿ, "ಸಾವಕಾಶ ಬಿಡ್ರಿ ಅಜ್ಜಾ," ಎಂದಳು. ಬೀಗರು ಕಣ್ಣು ಬಿಟ್ಟರು. ಡಾಕ್ಟರಮ್ಮನನ್ನು ನೋಡಲಿಲ್ಲ, ಪಕ್ಕದಲ್ಲಿದ್ದ ನನ್ನ ಮಗಳನ್ನು ನೋಡಲಿಲ್ಲ. ನನ್ನ ಕಡೆ ನೋಡುತ್ತ ಕೂತರು. ಬೀಗರು ಹೀಗೆ ನೆಟ್ಟಗೆ ನೋಡಿದರೆ ಸೆರಗು ಎಳೆದುಕೊಳ್ಳುವುದು ನಮ್ಮ ಪದ್ಧತಿ. ನಾನು ಕೈಗಳನ್ನು ಇಳಿಬಿಟ್ಟು ಅಲುಗಾಡದೆ ನಿಂತೆ.

"ಕುಸುಬಿ ಹೂವಿನ ಬಣ್ಣ," ಎಂದರು. ದನಿ ಸಣ್ಣಗಿತ್ತು. "ಕರೀ ಅಂಚು." ಕತ್ತು ಮುಂದೆ ಚಾಚಿದರು. "ಸೆರಗಿನ ತುದಿಗಿ ಹರದದ ನೋಡ್ರಿ."

ಗೊತ್ತಿತ್ತು. ಹಿಂದಿನ ದಿನ ಆಪರೇಶನ್ ಕೋಣೆಯ ಬಾಗಿಲು ತೆರೆದಾಗಲೆಲ್ಲ ನಾನು ಧಡಕ್ಕನೆ ಏಳುತ್ತಿದ್ದೆ. ಕೂತ ಬೆಂಚಿನ ಮೊಳೆ ಸೆರಗು ಹಿಡಿದುಕೊಳ್ಳುತ್ತಿತ್ತು.

"ಹಳೀ ಸೀರಿರಿ," ಎಂದೆ.