ಗಜನಿಂಬೆ ಗಿಡದ ವಾಚ್‌ಮನ್ನರು

ಗುಡ್ಡಮ್ಮ: ದೋಟಿ ಕೆಳಗಿಡಿ ಅಂದೆ. ಆ ಗೂಡಿಗೆ ಕೈ ಹಾಕಿದ್ರೆ ನಾನು ಸುಮ್ನಿರಲ್ಲ.

ಭೈರಪ್ಪ: ಕೈ ಎಲ್ಲಿ ಹಾಕ್ತೀನಿ ಮಾರಾಯ್ತಿ, ಬರೀ ಈ ದೋಟಿ ಕೋಲು ಹಾಕೋದು.

ಮೂರು ದಿನದ ಶೀತಕ್ಕೆ ಭೈರಪ್ಪನ ಮೂಗು ಕಟ್ಟಿ, ಬಾಯಿ ಕೆಟ್ಟುಹೋಗಿತ್ತು. ಗಂಜಿಗೂ ರುಚಿಯಿಲ್ಲ, ಬೀಡಿಗೂ ರುಚಿಯಿಲ್ಲ. ಇಂಥ ಹೊತ್ತಿನಲ್ಲಿ ಹಿರೇಕೊಡಿಗೆಯ ಗಂಡಸಿಗೆ ನೆನಪಾಗುವುದು ಒಂದೇ: ಚಗಳಿ ಚಟ್ನಿ. ಎಲೆಗಳನ್ನು ಹೊಲಿದು ಗೂಡು ಕಟ್ಟುವ ಆ ಕೆಂಪಿರುವೆಯನ್ನು ಹುರಿದು, ಕಾಯಿ, ಸೂಜಿಮೆಣಸು ಸೇರಿಸಿ ಅರೆದರೆ ಸತ್ತ ನಾಲಿಗೆಯೂ ಎದ್ದು ಕೂರುತ್ತದೆ. ಆದರೆ ಚಗಳಿ ಗೂಡು ಇದ್ದದ್ದು ಹಿತ್ತಲಿನ ಗಜನಿಂಬೆ ಗಿಡದಲ್ಲಿ. ಆ ಗಿಡವೋ, ಐದು ವರ್ಷ ಕಾಯಿಸಿ ಈ ಸಲ ಮೊದಲ ಬಾರಿಗೆ ಹೆಂಡತಿ ಗುಡ್ಡಮ್ಮನಿಗೆ ನಾಲ್ಕು ಕಾಯಿ ಬಿಟ್ಟಿತ್ತು.

ಗುಡ್ಡಮ್ಮ: ಹೋದ ವರ್ಷನೂ ಚಟ್ನಿ ಅಂತ ಗೂಡು ಇಳಿಸಿದ್ರಿ. ಎಂಟೇ ದಿನಕ್ಕೆ ಹಕ್ಕಿ ಹಿಕ್ಕೆ ಹಾಂಗೆ ಕಾಣೋ ಹುಳ ಬಂದು ಗಿಡ ಬೋಳಿಸಿ ಹೋದ್ವು.

ಭೈರಪ್ಪ: ಹುಳ ಬಂದಿದ್ದಕ್ಕೂ ನಾನು ಉಂಡಿದ್ದಕ್ಕೂ ಎಂತ ಸಂಬಂಧ?

ಗುಡ್ಡಮ್ಮ: ಹುಳ ಎಲೆ ತಿಂತದೆ. ಚಗಳಿ ಹುಳ ತಿಂತದೆ. ನೀವು ಚಗಳಿ ತಿಂತೀರಿ. ಆಮೇಲೆ ಹುಳ ತಿನ್ನೋರು ಯಾರು? ನೀವಾ?

ಭೈರಪ್ಪ: ಹಾಂಗಾದ್ರೆ ನನ್ನನ್ನ ತಿನ್ನೋರು ಯಾರು?

ಗುಡ್ಡಮ್ಮ: ರಕ್ತ ಹೀರೋ ಉಂಬಳ.

‘ಅದು ತೋಟದಲ್ಲಿ, ಮನೇಲಿ ಯಾರು?’ ಎನ್ನಲು ಬಾಯಿ ತೆರೆದ ಭೈರಪ್ಪ ಹೆಂಡತಿಯ ಮುಖ ನೋಡಿದ. ಮಾತಿನ ಬದಲು ಒಂದು ಸೀನು ಸೀನಿ ಗಿಡದ ಕಡೆ ತಿರುಗಿದ.

ಭೈರಪ್ಪ: ಇಲ್ನೋಡು ನಿನ್ನ ಕಾವಲುಗಾರ್ರನ್ನ. ಚಿಗುರಲ್ಲಿ ಬಿಳಿ ಹೇನು ಸಾಕಿದಾವೆ. ಹೇನು ಗಿಡದ ರಸ ಹೀರೋದು, ಇವು ಹಿಂದೆ ಕೂತು ಅದ್ರ ಸಿಹಿ ನೆಕ್ಕೋದು. ಇದು ಕಾವಲಾ, ಹಾಲಿನ ಡೈರಿಯಾ?

ಗುಡ್ಡಮ್ಮ: ಕಾವಲು ಕಾಯೋರಿಗೆ ಬಾಯಿಗೆ ಏನಾದ್ರೂ ಬೇಡ್ವಾ? ನೀವು ಎಸ್ಟೇಟಲ್ಲಿ ವಾಚ್‌ಮನ್ ಅಂತ ಹೋಗಿ ದಿನಾ ಸಾಹುಕಾರ್ರ ಕಿತ್ತಳೆ ತಿಂದು ಬರಲ್ವಾ? ಅದಕ್ಕೆ ಅವ್ರು ನಿಮ್ಮನ್ನ ಹುರಿದು ಅರೆದ್ರಾ?

ಹೋದ ವರ್ಷ ಬೋಳು ಗಿಡದ ಬುಡದಲ್ಲಿ ನಿಂತು ಇವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದು ನೆನಪಾಗಿ ಭೈರಪ್ಪನಿಗೆ ನಾಚಿಕೆಯಾಯಿತು. ದೋಟಿಯನ್ನು ಗೋಡೆಗೆ ಒರಗಿಸಿದ.

ಭೈರಪ್ಪ: ಆಯ್ತು ಬಿಡು. ಚಗಳಿ ಬದುಕ್ಲಿ. ನಾನು ಕಷಾಯ ಕುಡ್ಕೊಂಡು ಸಾಯ್ತೀನಿ.

ಅಷ್ಟರಲ್ಲಿ ಪಕ್ಕದ ಮನೆಯ ಯಮುನಮ್ಮ ಕೈಯಲ್ಲೊಂದು ಬಟ್ಟಲು ಹಿಡಿದು ಬಂದಳು.

ಯಮುನಮ್ಮ: ಭೈರಣ್ಣ ಸೀನೋದು ನಮ್ಮನೆ ತನಕ ಕೇಳ್ತಿತ್ತು. ತಗಳಿ, ಚಗಳಿ ಚಟ್ನಿ.

ಈಗಷ್ಟೇ ಸಜ್ಜನನಾದ ಭೈರಪ್ಪ ಕೈ ಚಾಚಲಿಲ್ಲ. ಗುಡ್ಡಮ್ಮ ಬಟ್ಟಲು ತೆಗೆದುಕೊಂಡಳು. ಬೆರಳಲ್ಲಿ ತೆಗೆದು ನೆಕ್ಕಿದಳು. ಇನ್ನೊಮ್ಮೆ ನೆಕ್ಕಿದಳು.

ಭೈರಪ್ಪ: ಎಂತದೇ ಇದು? ಅವು ಕಾವಲುಗಾರ್ರು ಅಲ್ವಾ?

ಗುಡ್ಡಮ್ಮ: ಯಾರ ಮನೆ ಕಾವಲೋ ಎಂತೋ. ಬೇಲಿಯಾಚೆದ್ದೆಲ್ಲ ನಾನು ನೋಡಕ್ಕಾಗ್ತದಾ? ಹುಳಿ ಲಾಯಕ್ಕಿದೆ ಯಮುನಾ. ಯಾವ ಮರದ್ದು?

ಯಮುನಮ್ಮ: ನಿಮ್ಮ ಗಜನಿಂಬೇದೇ ಅಕ್ಕ. ಒಂದು ಗೆಲ್ಲು ನಮ್ಮ ಬೇಲಿ ಕಡೆ ಬಾಗಿದೆಯಲ್ಲ, ಅದ್ರ ತುದೀಲಿ ದೊಡ್ಡ ಗೂಡಿತ್ತು.

ಗುಡ್ಡಮ್ಮನ ಬೆರಳು ಬಾಯಲ್ಲೇ ಉಳಿಯಿತು. ನುಂಗುವಂತಿಲ್ಲ, ಉಗುಳುವಂತಿಲ್ಲ. ಮೂರು ದಿನದಿಂದ ಕಟ್ಟಿದ್ದ ಭೈರಪ್ಪನ ಮೂಗು ನಗು ತಡೆಯಲಾರದೆ ಬಿಟ್ಟುಕೊಂಡಿತು.

ಭೈರಪ್ಪ: ನುಂಗೇ ಮಾರಾಯ್ತಿ. ಆ ಗೆಲ್ಲಿನ ಹುಳ ದಿನಾ ನಾನು ಹೆಕ್ತೀನಿ. ನಿನ್ನ ಹೊಟ್ಟೆಹುಳ ಇನ್ಮೇಲೆ ಆ ಚಗಳಿ ನೋಡ್ಕೊಳ್ಳಲಿ.