ಹೊಗೆ ಕುಡಿದ ಹೂದಾನಿ

ಗುಮಾಸ್ತನ ಅಕ್ಕ ಮಧ್ಯಾಹ್ನದ ಬಸ್ಸಿಗೆ ಬರುವವಳಿದ್ದಳು. ರಜೆಯ ದಿನಗಳಲ್ಲಿ ಮಣ್ಣಿನ ಪಾತ್ರೆ ಮಾಡಲು ಕಲಿಯುತ್ತಿದ್ದ ಅವನು ಫೋನಿನಲ್ಲಿ ಬಾಯಿತಪ್ಪಿ, "ನಾನೇ ಮಾಡಿದ ಹೂದಾನಿ ಕೊಡ್ತೀನಿ ಬಾ" ಎಂದುಬಿಟ್ಟಿದ್ದ. ಅವನ ಬಳಿ ಇದ್ದದ್ದು ಮೆರುಗು ಬಳಿದು ಒಣಗಲಿಟ್ಟ ಒಂದೇ ಒಂದು. ಹಿಂದಿನವೆಲ್ಲ ಒಲೆಯಲ್ಲೇ ಪಟಾಕಿಯ ಹಾಗೆ ಸಿಡಿದು ಚೂರಾಗಿದ್ದವು.

"ಮನೆ ಒಂದು ಉಳಿಸಿ, ಸಾಕು," ಎಂದು ಹೇಳಿ ಹೆಂಡತಿ ಬಸ್ ನಿಲ್ದಾಣಕ್ಕೆ ಹೊರಟಳು.

ಅವನು ಹಿತ್ತಲಿನಲ್ಲಿ ಮಡಕೆ ಸುಡುವ ಗ್ಯಾಸ್ ಒಲೆ ಹಚ್ಚಿದ. ಒಲೆಯ ಕಿಂಡಿಯಿಂದ ಇಣುಕಿದಾಗ ಮೆರುಗು ಕರಗಿ, ಹೂದಾನಿ ಆಗಷ್ಟೇ ಮಿಂದು ಬಂದ ಮಗುವಿನಂತೆ ಹೊಳೆಯುತ್ತಿತ್ತು. ನಿಗಿನಿಗಿ ಕೆಂಪಗಿದ್ದ ಅದನ್ನು ಉದ್ದ ಇಕ್ಕಳದಲ್ಲಿ ಎತ್ತಿ, ಮರದ ಪುಡಿ ತುಂಬಿದ ದೊಡ್ಡ ತಗಡಿನ ಡಬ್ಬಕ್ಕೆ ಇಳಿಸಿದ. ಭಗ್ಗೆಂದಿತು. ಮುಚ್ಚಳ ಹಾಕಿದ್ದೇ ತಡ, ಸಂದಿಯಿಂದ ಹೊಗೆ ಎದ್ದು ಪಕ್ಕದ ಮನೆಯ ಕಿಟಕಿಗೆ ನುಗ್ಗಿತು.

ಆ ಮನೆಯಲ್ಲಿದ್ದದ್ದು ಪೇಂಟರಣ್ಣ. ಈಗ ತನ್ನ ಕೆಲಸ ಬಿಟ್ಟು, ಊರವರ ಕೆಲಸವನ್ನೆಲ್ಲ ತಲೆ ಮೇಲೆ ಹೊತ್ತವನು. "ಬೆಂಕಿ! ಬೆಂಕಿ!" ಎನ್ನುತ್ತಾ ಗೋಡೆಯಾಚೆಯಿಂದ ಒಂದು ಬಕೆಟ್ ನೀರು ಎರಚಿಯೇಬಿಟ್ಟ. ಅರ್ಧ ಡಬ್ಬಕ್ಕೆ, ಅರ್ಧ ಗುಮಾಸ್ತನಿಗೆ ಬಿತ್ತು.

"ಏನಣ್ಣಾ ಇದು! ಹೂದಾನಿ ಸುಡ್ತಿದೀನಿ. ಜಪಾನಿನವರ ಪದ್ಧತಿ, ರಾಕು ಅಂತ."

"ಸುಡೋದಾದ್ರೆ ಒಲೇಲಿ ಸುಡಪ್ಪಾ. ಹೊರಗೆ ತೆಗೆದು ಯಾಕೆ ಹೊಗೆ ಹಾಕ್ತೀಯಾ?"

"ಹೊಗೆ ಕುಡಿದ್ರೇನೇ ಅದಕ್ಕೆ ಚಂದ."

"ನಂಗೇನು ಗೊತ್ತು..." ಪೇಂಟರಣ್ಣನ ಮುಖ ಸಣ್ಣದಾಯಿತು.

ಡಬ್ಬ ಆರಿದ ಮೇಲೆ ಗುಮಾಸ್ತ ಹೆದರುತ್ತಲೇ ಮುಚ್ಚಳ ತೆಗೆದ. ಮಸಿ ತೊಳೆದಂತೆಲ್ಲ ಹಾಲುಬಿಳುಪಿನ ಮೈಮೇಲೆ ಕೂದಲೆಳೆಯಂಥ ಕಪ್ಪು ಬಿರುಕುಗಳು ಜೇಡರಬಲೆಯಂತೆ ಮೂಡಿದವು. ಇದಕ್ಕಾಗಿಯೇ ಅಲ್ಲವೇ ಅವನು ಇಷ್ಟು ದಿನ ಮಣ್ಣು ಹೊತ್ತದ್ದು! ಕಣ್ಣು ತುಂಬಿ ಬಂತು. ಹೊಗೆಗೋ ಖುಷಿಗೋ ತಿಳಿಯಲಿಲ್ಲ. ಅದನ್ನು ಎರಡು ಹಿತ್ತಲುಗಳ ನಡುವಿನ ಗೋಡೆಯ ಮೇಲಿಟ್ಟು ಸ್ನಾನಕ್ಕೆ ಹೋದ. ಸೋಪು ಸವೆದರೂ ಮೈಗಂಟಿದ ಮಸಿ ಬಿಡಲು ಒಂದು ಗಂಟೆಯೇ ಹಿಡಿಯಿತು.

ಹೊರಬಂದಾಗ ಹಿತ್ತಲಿನಲ್ಲಿ ಅಕ್ಕ, ಹೆಂಡತಿ, ಪೇಂಟರಣ್ಣ ಮೂವರೂ ನಿಂತಿದ್ದರು. ನಡುವೆ, ಸ್ಟೂಲಿನ ಮೇಲೆ, ಥಳಥಳ ಗುಲಾಬಿ ಬಣ್ಣದ ಹೂದಾನಿ.

"ನನ್ನ ನೀರಿನಿಂದಲೇ ಅಷ್ಟೊಂದು ಬಿರುಕು ಬಿಡ್ತಲ್ಲಾ ಅಂತ ಮನಸ್ಸು ತಡೀಲಿಲ್ಲ ತಮ್ಮಾ," ಎಂದ ಪೇಂಟರಣ್ಣ. "ಬಿರುಕಿಗೆಲ್ಲ ಪುಟ್ಟಿ ತುಂಬಿ, ಉಜ್ಜಿ, ಬೇಗ ಒಣಗೋ ಪೇಂಟು ಹೊಡೆದೆ. ಈಗ ಒಂದು ಗೀರೂ ಕಾಣಲ್ಲ ನೋಡು."

ಅಕ್ಕ ಹೂದಾನಿಗೆ ಒಂದು ಸುತ್ತು ಬಂದಳು.

"ಎಷ್ಟು ನುಣುಪಾಗಿದೆ! ಅಣ್ಣಾ, ಇದಕ್ಕೆ ಜೊತೆಯಾಗಿ ಇನ್ನೊಂದನ್ನ ನೀವೇ ಮಾಡಿಕೊಡಬೇಕು," ಎಂದಳು ಪೇಂಟರಣ್ಣನಿಗೆ.

"ಅದಕ್ಕೇನು ತಾಯಿ, ಮಾಡೋಣ. ನಿಮ್ಮ ತಮ್ಮನಿಗೂ ನಿಧಾನಕ್ಕೆ ಕಲಿಸ್ತೀನಿ," ಎಂದು ಪೇಂಟರಣ್ಣ ಗುಲಾಬಿ ಬಣ್ಣ ಸೋರುತ್ತಿದ್ದ ಬ್ರಶ್ಶನ್ನು ಗುಮಾಸ್ತನ ಕೈಗಿತ್ತ. "ಮೊದಲು ಇದನ್ನ ತೊಳ್ಕೊಂಡು ಬಾರಪ್ಪಾ."